ಸಿಗರೇಟು ಬಿಟ್ಟು ಆವಿ ಎಳೆದರೆ ದೇಹದಲ್ಲಾಗುವ ಬದಲಾವಣೆಗಳು



ಸೋಯಾ ರಾಶಿ ಮುಗಿದು ಹಬ್ಬ ಹತ್ತಿರ ಬಂದಾಗ ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋದ ಮಕ್ಕಳು ಊರಿಗೆ ಬರುತ್ತಾರೆ. ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಕಡೆಯ ರೈತ ಮನೆಗಳಲ್ಲಿ ಇದು ಪ್ರತಿ ವರ್ಷದ ಸಂಭ್ರಮ. ಈಚೆಗೆ ಅಂಥ ಕೆಲವು ಮಕ್ಕಳ ಕಿಸೆಯಲ್ಲಿ ಹೊಸ ವಸ್ತುವೊಂದು ಕಾಣಿಸಿಕೊಳ್ಳುತ್ತಿದೆ. ನೋಡಲು ದಪ್ಪ ಪೆನ್ನಿನಂತೆ. ಬಾಯಿಗಿಟ್ಟು ಎಳೆದರೆ ಹಣ್ಣಿನ ವಾಸನೆಯ ಬಿಳಿ ಆವಿ ಬರುತ್ತದೆ. ತಾಯಿ ಗಾಬರಿಯಾಗಿ ಕೇಳಿದರೆ ಮಗನ ಉತ್ತರ ಸಿದ್ಧ: "ಅವ್ವಾ, ನಾ ಸಿಗರೇಟ್ ಬಿಟ್ಟೀನಿ. ಇದ್ರಾಗ ಹೊಗಿ ಇಲ್ಲ, ಬರೀ ಉಗಿ. ಕೆಮ್ಮೂ ಕಡಿಮಿ ಆಗ್ಯದ ನೋಡು."

ಮಗ ಹೇಳುವುದು ನಿಜವೇ? ತಾಯಿ ಸಮಾಧಾನಪಡಬೇಕೇ, ಚಿಂತಿಸಬೇಕೇ? ಈ ಸಲದ ಅಂಕಣದಲ್ಲಿ ಇದನ್ನೇ ಹಂತ ಹಂತವಾಗಿ ತಿಳಿದುಕೊಳ್ಳೋಣ. ಮೊದಲೇ ಒಂದು ಮಾತು: ಮಗನ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ನಾವು ಒಪ್ಪದೆ ಹೋದರೆ, ಉಳಿದರ್ಧವನ್ನು ಅವನು ನಮ್ಮಿಂದ ಕೇಳುವುದಿಲ್ಲ.

ಹೊಗೆ ಬೇರೆ, ನಿಕೋಟಿನ್ ಬೇರೆ

ಸಿಗರೇಟು, ಬೀಡಿಗಳಲ್ಲಿ ತಂಬಾಕು ಉರಿಯುತ್ತದೆ. ಉರಿದಾಗ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳುಳ್ಳ ಹೊಗೆ ಹುಟ್ಟುತ್ತದೆ. ಅವುಗಳಲ್ಲಿ ನಾವು ಮುಖ್ಯವಾಗಿ ಮೂರನ್ನು ನೆನಪಿಡಬೇಕು.

ಒಂದು, ಟಾರ್ ಎಂಬ ಡಾಂಬರಿನಂತಹ ಅಂಟು. ಕ್ಯಾನ್ಸರ್ ತರುವ ವಸ್ತುಗಳು ಹೆಚ್ಚಾಗಿ ಇರುವುದು ಇದರಲ್ಲೇ. ಎರಡು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕುಳಿತ ಕಾರಣ ಬೀಡಿ ಸೇದುವವನಿಗೆ ಚೀಲ ಹೊತ್ತು ನಾಲ್ಕು ಹೆಜ್ಜೆ ನಡೆದರೂ ದಮ್ಮು ಹತ್ತುತ್ತದೆ. ಮೂರು, ನಿಕೋಟಿನ್. ಚಟ ಹಿಡಿಸುವುದು ಇದೇ. ಹೊಗೆ ಎಳೆದ ಹತ್ತು ಸೆಕೆಂಡಿನ ಸುಮಾರಿಗೆ ಇದು ಮಿದುಳನ್ನು ಮುಟ್ಟುತ್ತದೆ.

ಬೀಡಿಯಲ್ಲಿ ತಂಬಾಕು ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ತೆಂಡು ಎಲೆ ಸರಿಯಾಗಿ ಉರಿಯುವುದಿಲ್ಲ. ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಹಾಗಾಗಿ ಟಾರ್ ಮತ್ತು ವಿಷಗಾಳಿ ಸಿಗರೇಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಒಳಗೆ ಹೋಗುತ್ತವೆ.

ಇನ್ನು ನಿಕೋಟಿನ್ ರೈತರಿಗೆ ಹೊಸ ಪರಿಚಯವಲ್ಲ. ತಂಬಾಕು ಸೊಪ್ಪಿನ ಕಷಾಯವನ್ನು ಸಸ್ಯಹೇನಿಗೆ ಹೊಡೆಯುವ ಪದ್ಧತಿ ನಮ್ಮ ಹಿರಿಯರಿಗೆ ಗೊತ್ತಿತ್ತು. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕವೂ ಮಾರುಕಟ್ಟೆಯಲ್ಲಿತ್ತು; ಅದರ ವಿಷ ಅತಿಯಾದುದರಿಂದ ನಮ್ಮ ದೇಶದೊಳಗೆ ಅದರ ಬಳಕೆಯನ್ನು ನಿಷೇಧಿಸಲಾಗಿದೆ. ನಿಪ್ಪಾಣಿಯಂತಹ ತಂಬಾಕಿನ ಸೀಮೆಗಳಲ್ಲಿ ಬೆಳೆಯುವ ಈ ಗಿಡಕ್ಕೆ ಇನ್ನೊಂದು ಗುಣವಿದೆ. ಹಸಿ ಎಲೆಯನ್ನು ಬರಿಗೈಯಲ್ಲಿ ಕೊಯ್ದರೆ, ಅದರಲ್ಲೂ ಎಲೆ ಒದ್ದೆಯಾಗಿದ್ದರೆ, ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ, ತಲೆನೋವು ತರುತ್ತದೆ. ಅಂದರೆ ನಿಕೋಟಿನ್ ಮೈಯೊಳಗೆ ಹೋಗಲು ಹೊಗೆಯೇ ಬೇಕೆಂದಿಲ್ಲ. ಚರ್ಮದಿಂದ, ಒಸಡಿನಿಂದ, ಶ್ವಾಸಕೋಶದಿಂದ, ಯಾವ ದಾರಿಯಿಂದಾದರೂ ಹೋದೀತು. ಈ ಒಂದು ವಿಷಯ ತಿಳಿದರೆ ಮುಂದಿನದೆಲ್ಲ ಸುಲಭ.

ಆವಿಯ ಯಂತ್ರದಲ್ಲಿ ಏನಿದೆ?

ಇ-ಸಿಗರೇಟು ಅಥವಾ ವೇಪ್ ಎಂದು ಕರೆಯುವ ಈ ಯಂತ್ರವನ್ನು 2003ರ ಸುಮಾರಿಗೆ ಚೀನಾದ ಹೊನ್ ಲಿಕ್ ಎಂಬ ಔಷಧ ತಜ್ಞರು ರೂಪಿಸಿದರು. ಅವರೇ ಸ್ವತಃ ವಿಪರೀತ ಸಿಗರೇಟು ಸೇದುವವರಾಗಿದ್ದರು. ಒಳಗೆ ಒಂದು ಬ್ಯಾಟರಿ, ಒಂದು ಸುರುಳಿ ತಂತಿ, ಒಂದಿಷ್ಟು ದ್ರವ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ವಾಸನೆಯ ರಾಸಾಯನಿಕಗಳು, ಹೆಚ್ಚಿನವುಗಳಲ್ಲಿ ನಿಕೋಟಿನ್ ಇರುತ್ತವೆ. ತಂತಿ ಕಾದಾಗ ದ್ರವವು ಮಂಜಿನಂತಾಗಿ ಎದೆಗೆ ಇಳಿಯುತ್ತದೆ.

ಇದನ್ನು ಉಗಿ ಎನ್ನುವುದು ಪೂರ್ತಿ ಸರಿಯಲ್ಲ. ಅನ್ನದ ಪಾತ್ರೆಯ ಉಗಿ ಬರೀ ನೀರು. ಇದು ಔಷಧ ಹೊಡೆಯುವ ಪಂಪಿನ ನಾಜಲ್‌ನಿಂದ ಬರುವ ತುಂತುರಿಗೆ ಹತ್ತಿರ. ಅದಕ್ಕಿಂತ ಎಷ್ಟೋ ಪಾಲು ಸಣ್ಣ ಹನಿಗಳು. ಅವುಗಳ ಜೊತೆ ತಂತಿಯಿಂದ ಸವೆದ ನಿಕ್ಕಲ್, ಕ್ರೋಮಿಯಂ, ಸೀಸದಂತಹ ಲೋಹಗಳ ಅಂಶ ಬರಬಹುದು. ತಂತಿ ವಿಪರೀತ ಕಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ಉರಿ ಹುಟ್ಟಿಸುವ ವಸ್ತುಗಳೂ ಉಂಟಾಗುತ್ತವೆ.

ದೇಹದಲ್ಲಿ ಆಗುವುದೇನು?

ಸಿಗರೇಟನ್ನು ಪೂರ್ತಿ ಬಿಟ್ಟು, ಒಂದನ್ನೂ ಸೇದದೆ, ಬರೀ ಆವಿಗೆ ಬಂದವನ ಮಾತನ್ನು ಮೊದಲು ತೆಗೆದುಕೊಳ್ಳೋಣ.

ಮೊದಲ ಎರಡು ದಿನ: ಉರಿಯುವ ವಸ್ತು ಇಲ್ಲದ್ದರಿಂದ ಕಾರ್ಬನ್ ಮಾನಾಕ್ಸೈಡ್ ರಕ್ತದಿಂದ ಇಳಿಯುತ್ತದೆ. ಸುಮಾರು ಒಂದು ದಿನದೊಳಗೆ ಅದು ಸೇದದವರ ಮಟ್ಟಕ್ಕೆ ಬರುತ್ತದೆ. ರಕ್ತಕ್ಕೆ ಆಮ್ಲಜನಕ ಚೆನ್ನಾಗಿ ಸಿಗುತ್ತದೆ. ಈ ಲಾಭ ನಿಜವಾದುದು.

ಮೊದಲ ವಾರಗಳು: ನಾಲಿಗೆಗೆ ರುಚಿ, ಮೂಗಿಗೆ ವಾಸನೆ ಮರಳುತ್ತವೆ. ಶ್ವಾಸನಾಳದ ಒಳಗೋಡೆಯಲ್ಲಿ ಕಸ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆಯಿಂದ ಸೋತಿದ್ದ ಅವು ಮತ್ತೆ ಚೇತರಿಸಿಕೊಂಡು ಹಳೆಯ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಆದ್ದರಿಂದ ಕೆಲವರಿಗೆ ಆರಂಭದಲ್ಲಿ ಕೆಮ್ಮು ಹೆಚ್ಚಾಗಿ ಆಮೇಲೆ ಕಡಿಮೆಯಾಗುತ್ತದೆ. ಇದೇ ಸಮಯದಲ್ಲಿ ಆವಿಯಿಂದ ಹೊಸ ತೊಂದರೆಗಳೂ ಬರುತ್ತವೆ: ಬಾಯಿ ಒಣಗುವುದು, ಗಂಟಲು ಕೆರೆತ, ಒಣ ಕೆಮ್ಮು, ಪದೇಪದೇ ಎಳೆದಾಗ ತಲೆಸುತ್ತು ಮತ್ತು ಹೊಟ್ಟೆ ತೊಳೆಸುವುದು. ಕೊನೆಯ ಎರಡು ನಿಕೋಟಿನ್ ಹೆಚ್ಚಾದ ಗುರುತು. ತಂಬಾಕು ಕೊಯ್ಯುವ ಕೂಲಿಯವರಿಗೆ ಆಗುವುದೂ ಇದೇ.

ಒಂದು ತಿಂಗಳು: ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯರು 114 ಸಿಗರೇಟು ಸೇವನೆಗಾರರನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆವಿಗೆ ಬದಲಾದವರ ರಕ್ತನಾಳಗಳು ಒಂದೇ ತಿಂಗಳಲ್ಲಿ ಮೊದಲಿಗಿಂತ ಚೆನ್ನಾಗಿ ಹಿಗ್ಗತೊಡಗಿದ್ದವು. ಇದೂ ಮಗನ ಪರವಾದ ಸಾಕ್ಷಿಯೇ.

ಬದಲಾಗದೆ ಉಳಿಯುವುದು: ನಿಕೋಟಿನ್ ಒಳಗೆ ಹೋದಾಗಲೆಲ್ಲ ಹೃದಯ ಬೇಗ ಬಡಿಯುತ್ತದೆ, ರಕ್ತನಾಳ ಬಿಗಿಯುತ್ತದೆ, ರಕ್ತದೊತ್ತಡ ಸ್ವಲ್ಪ ಏರುತ್ತದೆ. ಇದು ಆವಿಯಲ್ಲೂ ಹಾಗೆಯೇ ನಡೆಯುತ್ತದೆ. ಬೆಳಿಗ್ಗೆ ಎದ್ದಕೂಡಲೇ ಬೇಕೆನಿಸುವುದು, ಸಿಗದಿದ್ದರೆ ಸಿಡಿಮಿಡಿ, ರಾತ್ರಿ ನಿದ್ರೆ ಕೆಡುವುದು, ಇವೂ ಹಾಗೆಯೇ ಇರುತ್ತವೆ. ಸಿಗರೇಟಾದರೆ ಉರಿದು ಮುಗಿಯುತ್ತದೆ. ಈ ಯಂತ್ರಕ್ಕೆ ಮುಗಿಯುವ ಗಡಿ ಇಲ್ಲ. ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಕೆಲಸದ ನಡುವೆ ಎಳೆಯುತ್ತಲೇ ಇರುವವರಿದ್ದಾರೆ. ಅಂಥವರಿಗೆ ಹೊಗೆ ಹೋದರೂ ಚಟ ಮೊದಲಿಗಿಂತ ಗಟ್ಟಿಯಾಗಬಹುದು.

ಇದಕ್ಕೂ ಒಂದು ಸಾಕ್ಷಿ ಇದೆ. ಇಂಗ್ಲೆಂಡಿನಲ್ಲಿ 886 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಆವಿಯ ಯಂತ್ರ, ಇನ್ನೊಂದು ಗುಂಪಿಗೆ ನಿಕೋಟಿನ್ ಗಮ್ಮು, ಪಟ್ಟಿ ಮುಂತಾದವನ್ನು ಕೊಟ್ಟರು. ಒಂದು ವರ್ಷದ ನಂತರ ಸಿಗರೇಟು ಬಿಟ್ಟಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 18, ಎರಡನೆಯದರಲ್ಲಿ ನೂರಕ್ಕೆ ಸುಮಾರು 10. ಆವಿ ಹೆಚ್ಚು ಜನರಿಗೆ ಸಿಗರೇಟು ಬಿಡಿಸಿತು ಎಂಬುದನ್ನು ಒಪ್ಪಬೇಕು. ಆದರೆ ಹಾಗೆ ಬಿಟ್ಟವರಲ್ಲಿ ವರ್ಷದ ನಂತರವೂ ಆವಿಯನ್ನು ಎಳೆಯುತ್ತಿದ್ದವರು ನೂರಕ್ಕೆ 80. ಗಮ್ಮು, ಪಟ್ಟಿಗಳಲ್ಲೇ ಉಳಿದುಕೊಂಡವರು ನೂರಕ್ಕೆ 9 ಮಾತ್ರ. ಒಂದು ಹಳ್ಳ ದಾಟಿಸಿದ ದೋಣಿಯಿಂದ ಹೆಚ್ಚಿನವರು ಇಳಿಯಲೇ ಇಲ್ಲ.

ಎರಡನ್ನೂ ಹಿಡಿದವರ ಗತಿ

ಹಗಲು ಆವಿ, ಸಂಜೆ ಗೆಳೆಯರೊಡನೆ ಸಿಗರೇಟು. ನಮ್ಮ ಹುಡುಗರಲ್ಲಿ ಈ ರೀತಿಯವರನ್ನೂ ನೋಡಿದ್ದೇವೆ. ಮೇಲೆ ಹೇಳಿದ ಲಾಭಗಳು ಇವರಿಗೆ ಹೆಚ್ಚಿಗೆ ಸಿಗುವುದಿಲ್ಲ. ದಿನಕ್ಕೆ ಹತ್ತು ಸಿಗರೇಟಿನಿಂದ ನಾಲ್ಕಕ್ಕೆ ಇಳಿದರೂ ಹೃದಯದ ಅಪಾಯ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ದಿನಕ್ಕೆ ಒಂದೇ ಸಿಗರೇಟು ಕೂಡ ಹೃದಯಕ್ಕೆ ಹಾನಿಯೇ. ಹೊಗೆಯ ಕೇಡಿಗೆ ಆವಿಯ ಕೇಡು ಕೂಡಿಕೊಳ್ಳುತ್ತದೆ, ಅಷ್ಟೇ.

ನಮ್ಮ ದೇಶದಲ್ಲಿ ಇನ್ನೊಂದು ಅಪಾಯ

ಬ್ರಿಟನ್ನಿನಲ್ಲಿ ಈ ದ್ರವಕ್ಕೆ ಕಾನೂನಿನ ಮಿತಿ ಇದೆ: ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಮೀರುವಂತಿಲ್ಲ. ನಮ್ಮಲ್ಲಿ ಹಾಗಲ್ಲ. ಕರ್ನಾಟಕವು 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರಿನಲ್ಲಿ ಅದನ್ನು ಕಾಯಿದೆ ಮಾಡಿತು. ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ಸಾಗಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಮಾರಿ ಸಿಕ್ಕಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಹಾಗಾದರೆ ಮಗನ ಕೈಗೆ ಅದು ಬಂದದ್ದು ಎಲ್ಲಿಂದ? ಕದ್ದು ಮಾರುವವರಿಂದ. ಬಾಟಲಿಯೊಳಗೆ ಎಷ್ಟು ನಿಕೋಟಿನ್ ಇದೆ, ಬೇರೇನು ಬೆರೆತಿದೆ ಎಂಬುದಕ್ಕೆ ಯಾರೂ ಹೊಣೆಯಲ್ಲ. ಚೀಟಿ ಇಲ್ಲದ ಡಬ್ಬಿಯ ಕೀಟನಾಶಕವನ್ನು ನಾವು ತೊಗರಿಗೆ ಹೊಡೆಯುತ್ತೇವೆಯೇ? ಅಮೆರಿಕದಲ್ಲಿ 2019ರಲ್ಲಿ ಆವಿ ಎಳೆಯುವ ಯುವಕರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುವ ಶ್ವಾಸಕೋಶದ ಕಾಯಿಲೆ ಬಂತು. 2020ರ ಫೆಬ್ರುವರಿಯವರೆಗೆ 2,807 ಜನ ಇದಕ್ಕೆ ತುತ್ತಾದರು. 68 ಜನ ಸತ್ತರು. ಹೆಚ್ಚಿನವರು ಬಳಸಿದ್ದು ಗಾಂಜಾದ ಅಂಶವುಳ್ಳ, ಕಳ್ಳದಾರಿಯಿಂದ ಬಂದ ದ್ರವ. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂತಹ ವಸ್ತುವೇ ಮುಖ್ಯ ಕಾರಣವೆಂದು ಕಂಡುಬಂತು. ಮಾಲು ಎಲ್ಲಿಂದ ಬಂತೆಂಬುದು ಎಷ್ಟು ಮುಖ್ಯ ಎನ್ನಲು ಇದೇ ಉದಾಹರಣೆ.

ನಮ್ಮ ಊರಿನ ಅದಲುಬದಲು

ಆವಿಯ ಯಂತ್ರ ನಮ್ಮಲ್ಲಿ ಇನ್ನೂ ಕೆಲವೇ ಮನೆಗಳ ಮಾತು. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ನಮಗೆ ಹಳೆಯ ರೂಢಿ. ದಮ್ಮು ಹತ್ತಿತೆಂದು ಬೀಡಿ ಬಿಡುತ್ತೇವೆ. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ತುಟಿಯೊಳಗೆ ಇಡುತ್ತೇವೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಸೇದುವವರು ನೂರಕ್ಕೆ ಸುಮಾರು 4. ಅಗಿಯುವ, ತಿಕ್ಕುವ ತಂಬಾಕಿನವರು ನೂರಕ್ಕೆ ಸುಮಾರು 24. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಚಟ ನಿಂತಿಲ್ಲ.

ಇಲ್ಲೂ ಪಾಠ ಅದೇ. ಬೀಡಿ ಬಿಟ್ಟ ಮೇಲೆ ಎದೆ ಹಗುರಾಗುತ್ತದೆ, ನಿಜ. ಆದರೆ ನೊಗವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿದಂತೆ ಹುಣ್ಣು ಈಗ ಬಾಯಿಯಲ್ಲಿ ಏಳುತ್ತದೆ. ಅಗಿಯುವ ತಂಬಾಕಿನಲ್ಲೇ ಕ್ಯಾನ್ಸರ್ ತರುವ ವಸ್ತುಗಳಿವೆ. ಸುಣ್ಣ ಬೆರೆತಾಗ ನಿಕೋಟಿನ್ ಇನ್ನೂ ಬೇಗ ರಕ್ತಕ್ಕೆ ಇಳಿಯುತ್ತದೆ. ಅಡಿಕೆ ಸೇರಿದರೆ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಮ್ಮ ಕಡೆಯ ಕೆಲವು ತಾಯಂದಿರು ಬೆಳಿಗ್ಗೆ ಒಸಡಿಗೆ ತಿಕ್ಕುವ ಮಿಶ್ರಿಯೂ ಹುರಿದ ತಂಬಾಕಿನ ಪುಡಿಯೇ. ಗರ್ಭಿಣಿಯರು ತಂಬಾಕನ್ನು ಯಾವ ರೂಪದಲ್ಲಿ ಬಳಸಿದರೂ ಕೂಸಿನ ತೂಕ ಕಡಿಮೆಯಾಗುವ ಅಪಾಯವಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂಭಾಗದ ಹಲ್ಲುಗಳ ನಡುವೆ ನಿಲ್ಲಿಸಲು ಆಗದಿದ್ದರೆ, ಇಲ್ಲವೆ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ, ತಡಮಾಡದೆ ಸರಕಾರಿ ದವಾಖಾನೆಯಲ್ಲಿ ತೋರಿಸಿರಿ.

ಪೂರ್ತಿ ಬಿಡುವುದು ಹೇಗೆ?

1. ಒಂದು ದಿನ ಗೊತ್ತುಮಾಡಿ. ತಪಸ್ಸುಕಾಲದಲ್ಲಿ ನಲವತ್ತು ದಿನ ಬೀಡಿ ಬಿಟ್ಟು, ಪಾಸ್ಕಹಬ್ಬದ ಮರುದಿನ ಮತ್ತೆ ಹಚ್ಚುವವರು ನಮ್ಮಲ್ಲಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟು: ಕಠಿಣವಾದ ಭಾಗವನ್ನು ನೀವು ಆಗಲೇ ದಾಟಿದ್ದಿರಿ. ನಿಕೋಟಿನ್ ಬಿಟ್ಟ ಸಂಕಟ ಮೊದಲ ವಾರದಲ್ಲಿ ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ.

2. ತಡೆಯಲಾಗದ ಆಸೆ ಬಂದಾಗ ಐದು ನಿಮಿಷ ತಳ್ಳಿರಿ. ನೀರು ಕುಡಿಯಿರಿ, ದನಕ್ಕೆ ಮೇವು ಹಾಕಿ ಬನ್ನಿ, ಹುರಿದ ಕಡಲೆಯನ್ನೋ ಸೋಂಪನ್ನೋ ಅಗಿಯಿರಿ. ಅಲೆ ಬಂದ ಹಾಗೆ ಹೋಗುತ್ತದೆ.

3. ಹೆಚ್ಚು ಚಟವಿದ್ದವರಿಗೆ 2 ಮಿಲಿಗ್ರಾಮಿನ ನಿಕೋಟಿನ್ ಗಮ್ಮು ಔಷಧ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲೂ ನಿಕೋಟಿನ್ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅಳತೆ ಗೊತ್ತಿದೆ, ನಿಧಾನವಾಗಿ ಇಳಿಯುತ್ತದೆ, ಸುಮಾರು ಮೂರು ತಿಂಗಳಲ್ಲಿ ಕಡಿಮೆ ಮಾಡುತ್ತಾ ನಿಲ್ಲಿಸುವ ಕ್ರಮವಿದೆ. ಇದನ್ನು ಗುಟ್ಕಾದಂತೆ ಜಗಿಯಬಾರದು. ನಾಲ್ಕಾರು ಸಲ ಅಗಿದು, ಚುರುಕೆನಿಸಿದಾಗ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲು ಚಹಾ ಬೇಡ. ಗರ್ಭಿಣಿಯರು, ಹೃದಯದ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಬಳಸಬೇಕು.

4. ಚಹಾ ಕಡಿಮೆ ಮಾಡಿ. ಹೊಗೆಯಲ್ಲಿರುವ ಟಾರ್ ನಮ್ಮ ಪಿತ್ತಜನಕಾಂಗವನ್ನು ಚುರುಕುಗೊಳಿಸಿ ಚಹಾದ ಕೆಫೀನನ್ನು ಬೇಗ ಹೊರಹಾಕಿಸುತ್ತಿರುತ್ತದೆ. ಹೊಗೆ ನಿಂತಾಗ ಅಷ್ಟೇ ಚಹಾ ಹೆಚ್ಚು ಕೆಲಸ ಮಾಡಿ ಎದೆ ಡವಡವ, ನಿದ್ರೆಗೇಡು ತರುತ್ತದೆ. ಅದನ್ನು ತಂಬಾಕು ಬಿಟ್ಟ ದೋಷವೆಂದು ತಿಳಿಯಬೇಡಿ. ಉಬ್ಬಸಕ್ಕೆ ಥಿಯೋಫಿಲಿನ್ ಜಾತಿಯ ಮಾತ್ರೆ ನುಂಗುವವರು ಸೇದುವುದನ್ನು ಬಿಟ್ಟ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಇದೇ ಕಾರಣದಿಂದ ಮಾತ್ರೆಯ ಪ್ರಮಾಣ ಇಳಿಸಬೇಕಾಗಬಹುದು. ಸಿಗರೇಟು ಬಿಟ್ಟು ಆವಿಗೆ ಹೋದವರಿಗೂ ಈ ಮಾತು ಅನ್ವಯಿಸುತ್ತದೆ.

5. ಮೊದಲ ವರ್ಷ ನಾಲ್ಕೈದು ಕಿಲೋ ತೂಕ ಏರುವುದುಂಟು. ಹೊಲದಲ್ಲಿ ಮೈ ಬಗ್ಗಿಸಿ ದುಡಿಯುವವರು ಇದಕ್ಕೆ ಅಂಜಬೇಕಿಲ್ಲ.

6. ಕೆಮ್ಮು ಎರಡು ವಾರ ಮೀರಿದರೆ "ಸಿಗರೇಟು ಬಿಟ್ಟದ್ದಕ್ಕೆ" ಎಂದು ಸುಮ್ಮನಿರಬೇಡಿ. ಕಫ ಪರೀಕ್ಷೆ ಮಾಡಿಸಿ. ಸೇದುವವರಿಗೆ ಕ್ಷಯರೋಗದ ಅಪಾಯ ಹೆಚ್ಚು. ಕೆಮ್ಮಿನಲ್ಲಿ ರಕ್ತ ಕಂಡರೆ, ಎದೆನೋವು ಅಥವಾ ಉಸಿರು ಕಟ್ಟುವಿಕೆ ಬಂದರೆ ಅದೇ ದಿನ ಹೋಗಬೇಕು.

7. ತಂಬಾಕು ಬಿಡಲು ಸರಕಾರದ ಉಚಿತ ದೂರವಾಣಿ ಸಲಹೆ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ.

ಮನೆಯಲ್ಲಿ ಆವಿಯ ದ್ರವದ ಬಾಟಲಿ ಇದ್ದರೆ ಅದನ್ನು ಕೀಟನಾಶಕದ ಡಬ್ಬಿಯಂತೆಯೇ ಕಾಣಬೇಕು. ಹಣ್ಣಿನ ವಾಸನೆಗೆ ಆಸೆಪಟ್ಟು ಮಗು ಒಂದು ಗುಟುಕು ಕುಡಿದರೂ ಜೀವಕ್ಕೆ ಅಪಾಯ. ಚರ್ಮದ ಮೇಲೆ ಚೆಲ್ಲಿದರೆ ಕೂಡಲೇ ಸಾಬೂನಿನಿಂದ ತೊಳೆಯಿರಿ.

ಬಿಟ್ಟವರಿಗೆ ಸಿಗುವ ಫಲ

ತಂಬಾಕಿನ ಹೊಗೆಯನ್ನು ಪೂರ್ತಿ ಬಿಟ್ಟ ಒಂದು ವರ್ಷಕ್ಕೆ ಹೃದಯಾಘಾತದ ಅಪಾಯ ಸೇದುವವರದರ ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಅರ್ಧವಾಗುತ್ತದೆ. ಆವಿಗೆ ಬದಲಾದವರಿಗೂ ಇಷ್ಟೇ ಫಲ ಸಿಗುತ್ತದೆಂದು ಇಂದು ಯಾವ ವೈದ್ಯರೂ ಮಾತು ಕೊಡಲಾರರು. ಆ ಯಂತ್ರ ಹುಟ್ಟಿ ಎರಡು ದಶಕವಷ್ಟೇ ಆಗಿದೆ, ಕ್ಯಾನ್ಸರ್ ಬೆಳೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಆದ್ದರಿಂದ ತಾಯಂದಿರೇ, ಹಬ್ಬಕ್ಕೆ ಬಂದ ಮಗನನ್ನು ಬೈದು ಕಳಿಸಬೇಡಿ. ಅವನು ಸಿಗರೇಟು ಬಿಟ್ಟಿದ್ದರೆ ಅದಕ್ಕೆ ಶಭಾಷ್ ಎನ್ನಿ. ಕೆಮ್ಮು ಇಳಿದದ್ದೂ ನಿಜವೆಂದು ಒಪ್ಪಿಕೊಳ್ಳಿ. ಅದಾದ ಮೇಲೆ ಒಂದೇ ಪ್ರಶ್ನೆ ಕೇಳಿ: "ತಮ್ಮಾ, ಇದನ್ನ ಯಾವತ್ತ ಬಿಡ್ತಿ?" ಅವನ ಬಳಿ ದಿನಾಂಕವಿದ್ದರೆ ಅವನು ದಾರಿಯಲ್ಲಿದ್ದಾನೆ. ಇಲ್ಲದಿದ್ದರೆ ಇಬ್ಬರೂ ಕೂತು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿರಿ. ಅದೇ ದಿನಕ್ಕೆ ಅಪ್ಪನ ತಂಬಾಕಿನ ಸಂಚಿಗೂ, ಅವ್ವನ ಮಿಶ್ರಿಯ ಡಬ್ಬಿಗೂ ಗುರುತು ಬೀಳಲಿ. ಮನೆಮಂದಿಯೆಲ್ಲ ಜೊತೆಗೂಡಿ ಬಿಟ್ಟರೆ ಯಾರೊಬ್ಬರಿಗೂ ಅದು ಒಂಟಿ ಹೊರೆಯಾಗುವುದಿಲ್ಲ.